ಸಂಕಷ್ಟಿಯ ದಿನ ಈರುಳ್ಳಿ ಬಜೆ ಕೊಡದ ತಮ್ಮ ಕ್ಯಾಂಟೀನು

ಘಣಸೋಲಿಯ ಸಾಫ್ಟ್‌ವೇರ್ ಕಂಪನಿಯೊಂದರ ನೇಮಕಾತಿ ಮುಖ್ಯಸ್ಥರಿಗೆ,

ಮಾನ್ಯರೇ, ನನ್ನ ಮಗಳು ಮಾಡಿದ ಕೆಲಸವನ್ನು ಇಟ್ಟುಕೊಂಡು ಮಗಳನ್ನು ಹೊರಗೆ ಕಳಿಸಿದ್ದೀರಿ. ಹೇಸಿಗೆಯಾಗುತ್ತದೆ. ಇದಕ್ಕಿಂತ ಮೃದುವಾದ ಶಬ್ದ ಹುಡುಕುವ ವ್ಯವಧಾನ ನನಗಿಲ್ಲ.

ನಾನು ಠಾಣೆಯ ಕೋಪರಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೋಟೆಲು ನಡೆಸುತ್ತಿರುವವನು. ಮಗಳು ಸೌಜನ್ಯ ಪ್ರೋಗ್ರಾಮಿಂಗ್ ಕಲಿತು, ಮೊದಲ ನೌಕರಿಗಾಗಿ ಒಂದು ವರ್ಷದಿಂದ ಅಲೆಯುತ್ತಿದ್ದಾಳೆ. ತಾವು 'ಹೊಸಬರು ಬೇಕಾಗಿದ್ದಾರೆ' ಎಂದು ಜಾಹೀರಾತು ಕೊಟ್ಟಿರಿ. ಬಂದವಳಿಗೆ, ಪರೀಕ್ಷೆಯ ನೆಪದಲ್ಲಿ, ಕ್ಯಾಂಟೀನಿನ ತಿಂಡಿಯನ್ನು ಮೊಬೈಲಿನಲ್ಲೇ ಆರ್ಡರ್ ಮಾಡುವ ಆ್ಯಪ್ ಬರೆದು ತರಲು ಹೇಳಿದಿರಿ. ಹತ್ತು ದಿನ ಕೂತು ಬರೆದು ಕೊಟ್ಟಳು. ತಾವು ಮೈಸೂರಿನವರಂತೆ, ಕನ್ನಡದಲ್ಲೇ ಅಕ್ಕರೆಯಿಂದ ಹೇಳಿದಿರಂತೆ: "ತುಂಬಾ ಚೆನ್ನಾಗ್ ಮಾಡಿದೀಯಮ್ಮಾ. ಆದ್ರೆ ನಮ್ಗೆ ಎರಡ್ ವರ್ಷ ಎಕ್ಸ್‌ಪೀರಿಯನ್ಸ್ ಇರೋರು ಬೇಕು." ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಂಪನಿಯ ನಿಯಮಾವಳಿಗೇ ಸೇರಿಸಿಕೊಂಡಿದ್ದೀರೋ ಹೇಗೆ? ಹೊಸಬಳು ಎರಡು ವರ್ಷದ ಅನುಭವವನ್ನು ಎಲ್ಲಿಂದ ತರಬೇಕು, ತಾಯಿಯ ಹೊಟ್ಟೆಯಿಂದಲೇ?

ಇರಲಿ, ನಸೀಬು ಎಂದು ಸುಮ್ಮನಿದ್ದೆವು. ಕಳೆದ ಸಂಕಷ್ಟಿಯ ಸಂಜೆ, ತಮ್ಮಲ್ಲೇ ದುಡಿಯುವ ನೆರೆಮನೆಯ ಹಿತೇಶ್ ಹೋಟೆಲಿಗೆ ಕಾಫಿಗೆ ಬಂದವನು ನಗುತ್ತ ಹೇಳಿದ: "ಅಂಕಲ್, ನಮ್ಮ ಕ್ಯಾಂಟೀನ್ ಆ್ಯಪ್‌ಗೆ ಅದು ಬಂದ ಐದು ತಿಂಗಳಿಂದ್ಲೂ ಮಹಿನಾದಲ್ಲಿ ಒಂದು ದಿನ ಎಂತದೋ ಆಗ್ತದೆ. ಇವತ್ತು ಕಾಂದಾಭಜಿ ಆರ್ಡರೇ ತಗೊಳ್ಳುದಿಲ್ಲ. ಟೆಕ್ನಿಕಲ್ ಟೀಮಿಗೂ ಸಮಜ್ ಆಗ್ಲಿಲ್ಲ."

ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಸೌಜನ್ಯಳ ಮುಖ ಕಪ್ಪಿಟ್ಟಿತು. ಸಂಕಷ್ಟಿಯಂದು ನಮ್ಮ ಹೋಟೆಲಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ, ಈರುಳ್ಳಿ ಬಜೆಯೂ ಇಲ್ಲ. ಹುಟ್ಟಿದಂದಿನಿಂದ ಅದನ್ನೇ ನೋಡಿದ ಹುಡುಗಿ, ಎಲ್ಲ ಕಡೆಯೂ ಹಾಗೆಯೇ ಎಂದುಕೊಂಡು ಆ ನಿಯಮವನ್ನೂ ಆ್ಯಪ್‌ನಲ್ಲಿ ಬರೆದಿದ್ದಳು. "ಪಪ್ಪಾ, ಅದು ನಾನೇ ಬರೆದದ್ದು," ಎಂದಳು.

ಅನುಭವವಿಲ್ಲದವಳು ಬರೆದದ್ದನ್ನು ಐದು ತಿಂಗಳಿಂದ ಬಳಸುತ್ತಿದ್ದೀರಿ. ತಮ್ಮ ಅನುಭವಸ್ಥರೆಲ್ಲ ಸೇರಿ ಅದರೊಳಗಿನ ಒಂದು ಈರುಳ್ಳಿಯನ್ನು ಹುಡುಕಲಾರರು. ನಾಚಿಕೆ ಎನ್ನುವುದನ್ನು ತಮ್ಮಲ್ಲಿ ಯಾವ ವಿಭಾಗ ನೋಡಿಕೊಳ್ಳುತ್ತದೆ?

ತಮ್ಮ ನೌಕರಿ ನಮಗೆ ಬೇಡ. ಆ ಆ್ಯಪ್ ಬರೆದವಳು ಸೌಜನ್ಯ, ಐದು ತಿಂಗಳಿಂದ ಅದು ತಮ್ಮಲ್ಲಿ ಬಳಕೆಯಲ್ಲಿದೆ ಎಂದು ಕಂಪನಿಯ ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಿ. ಬರುವ ಬುಧವಾರ ಅವಳಿಗೆ ಸೀವುಡ್ಸ್‌ನಲ್ಲಿ ಇನ್ನೊಂದು ಕಂಪನಿಯ ಸಂದರ್ಶನವಿದೆ. ತೋರಿಸಲು ಅವಳ ಬಳಿ ಇರುವುದು ಅದೊಂದೇ ಕೆಲಸ, ಅದನ್ನೂ ತೋರಿಸಲು ಹೆದರುತ್ತಿದ್ದಾಳೆ. "ಇದು ಆ ಕಂಪನಿದ್ದು, ಕದ್ದು ತಂದದ್ದಾ ಅಂತ ಕೇಳಿದ್ರೆ ಎಂತ ಹೇಳುದು ಪಪ್ಪಾ?" ಎನ್ನುತ್ತಾಳೆ. ಉತ್ತರ ನನ್ನಲ್ಲಿಲ್ಲ, ತಮ್ಮಲ್ಲಿದೆ. ಮಂಗಳವಾರದೊಳಗೆ ಬರೆದು ಕೊಡಿ.

ಇಂತಿ,
ಮಗಳ ಮುಖ ನೋಡಲಾಗದೆ ಕೂತಿರುವ ಅಪ್ಪ,
ಗುಣಪಾಲ, ಕೋಪರಿ