ಸೋದರಮಾವನ ರುಜು

ತಮ್ಮ ಲೆವಿಸನ್‌ಗೆ,

ನಾನು ನಿನ್ನ ಅಕ್ಕ ಎಸ್ನಾತಿ, ಈ ಮನೆತನದ ಹಿರಿಯಳು. ನನ್ನ ಮಗಳು ತಿಯಾಮಿಕೆಯ ಚಿಕಿತ್ಸೆಗೆ ಸೋದರಮಾವನಾದ ನಿನ್ನ ಒಪ್ಪಿಗೆ ಬೇಕೆನ್ನುವುದು ನಮ್ಮ ಪದ್ಧತಿ. ನೀನೋ, "ಏಳು ತಿಂಗಳ ಬಸುರಿಗೆ ಏದುಸಿರು ಬರದೆ ಇನ್ನೇನಕ್ಕಾ? ನಾನು ಬರೋವರೆಗೂ ಸುಮ್ನಿರು" ಎಂದು ಹೇಳಿ ಕಳಿಸಿದೆ.

ನಮ್ಮೂರ ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರ ಕೆಟ್ಟಿದೆ. ಡಾಕ್ಟರಮ್ಮ ಮಗುವನ್ನು ನೋಡುವ ಸ್ಕ್ಯಾನಿನ ಉಪಕರಣವನ್ನೇ ಹೊಟ್ಟೆಯಿಂದ ಮೇಲೆ ಸರಿಸಿ ಅವಳ ಎದೆಗಿಟ್ಟರು.

"ಮಗು ಚೆನ್ನಾಗಿದೆ ಅಮ್ಮಾ. ಸೋತಿರೋದು ಇವಳ ಹೃದಯ. ಇವತ್ತೇ ಝೊಂಬಾದ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಒಪ್ಪಿಗೆಗೆ ರುಜು ಹಾಕೋಕೆ ಇವಳ ಸೋದರಮಾವ ಎಲ್ಲಿ?"

"ಆ ಮಾವನ್ನ ಬೆನ್ನಿಗೆ ಕಟ್ಕೊಂಡು ಬೆಳೆಸಿದವಳು ನಾನು. ಕಾಗದ ಕೊಡಿ" ಎಂದೆ.

ಝೊಂಬಾದ ಆಸ್ಪತ್ರೆಯಲ್ಲಿ ರೋಗಿಗೆ ಮನೆಯವರೇ ಅಡುಗೆ ಮಾಡಿ ಹಾಕಬೇಕು. ಮೆಕ್ಕೆಜೋಳದ ಹಿಟ್ಟು, ಪಾತ್ರೆ ಬೇಕು. ಸಿಟ್ಟು ಬಂದರೆ ನೀನೇ ಹೊತ್ತುಕೊಂಡು ಬಾ, ಅಲ್ಲೇ ಜಗಳವಾಡೋಣ.

ನಿನ್ನ ರುಜು ಇರಬೇಕಾದಲ್ಲಿ ನನ್ನದು ಹಾಕಿದ್ದೇನೆ. ಆಂಬುಲೆನ್ಸಿನಲ್ಲಿ ಅವಳ ಪಕ್ಕ ಕೂತೇ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಎಸ್ನಾತಿ