ಗುಡ್ಡದ ಮೇಲಿನ ನಾಲ್ಕು ರೀಡಿಂಗ್

ಮಾರ್ಚ್ 4, ಸಂಜೆ

ಅದೇ ಕೆಲಸ. ಜೀಪು, ಗುರುತ್ವ ಅಳೆಯುವ ಪೆಟ್ಟಿಗೆ, ರೀಡಿಂಗ್. ಉಪಗ್ರಹ ಮೇಲಿನಿಂದ ಗುರುತ್ವ ಅಳೆಯುತ್ತದೆ. ಅಂಕಿ ತಟ್ಟನೆ ಇಳಿದಲ್ಲಿ ನೆಲದಡಿ ಬಂಡೆ ಸೀಳಿರಬಹುದು. ಭೂಕಂಪ ಹುಟ್ಟುವುದು ಅಂಥಲ್ಲೇ. ಆ 'ಬಹುದು'ವನ್ನು ನೆಲದ ಮೇಲೆ ತೀರ್ಮಾನಿಸುವುದು ನನ್ನ ಪೆಟ್ಟಿಗೆ. ಡ್ರೈವರ್ ಆಗಿ ಸೇರಿದವನು, ಬಾಯಿಬಲದಿಂದ ಇಲ್ಲಿಯವರೆಗೆ ಬಂದೆ.

ಇಂದು ಇಪ್ಪತ್ತು ಜಾಗ ಆಗಬೇಕಿತ್ತು. ಹದಿನಾರು ಆಯಿತು. ಉಳಿದ ನಾಲ್ಕು ಗುಡ್ಡದ ಮೇಲೆ. ಮಂಡಿ ನೋವು... ಸುಳ್ಳೇಕೆ, ಟೀ ಅಂಗಡಿಯಲ್ಲಿ ಮಾತಿಗೆ ಕೂತೆ. ಈಚೆಯ, ಆಚೆಯ ರೀಡಿಂಗಿಗೆ ಹೊಂದುವಂತೆ ನಾಲ್ಕು ಅಂಕಿ ನಾನೇ ಬರೆದೆ. ಕಾಲಂ ಚೆಂದ ಕಾಣುತ್ತದೆ.

ಮಾರ್ಚ್ 19

ಆಫೀಸಿನಲ್ಲಿ ವಿಜ್ಞಾನಿ ಮೇಡಂ ನಕ್ಷೆ ತೋರಿಸಿದರು. ಉಪಗ್ರಹದ ಡೇಟಾದಲ್ಲಿ ಗುಡ್ಡದ ನಡುವೆ ಸೀಳಿನ ಗೆರೆಯೊಂದು ಇತ್ತಂತೆ.

"ನಿಮ್ಮ ರೀಡಿಂಗಲ್ಲಿ ಅಂಕಿ ಎಲ್ಲೂ ಇಳಿದೇ ಇಲ್ಲ ನೋಡಿ. ಉಪಗ್ರಹದ್ದು ದೂರದ ಕಣ್ಣು, ನೆಲದ್ದನ್ನೇ ನಂಬಬೇಕು. ಗೆರೆ ಅಳಿಸಿಬಿಟ್ಟೆ."

"ನೆಲ ಸುಳ್ಳು ಹೇಳಲ್ಲ ಮೇಡಂ," ಅಂದೆ. ಅಂದವನು ನಾನೇ.

ಮರುವರ್ಷ, ಜೂನ್ 2

ಅಕ್ಕನ ಫೋನ್. ಹೊಸ ಶಾಲೆಗೆ ಹೆಡ್‌ಮಿಸ್ ಆಗಿದ್ದಾಳೆ.

"ಲೋ, ನೀನು ಅಳೆದ ಗುಡ್ಡದ ಮೇಲೇನೇ ಕಟ್ಟಿದಾರೆ. ನಕ್ಷೆಯಲ್ಲಿ ಗೆರೆ ಇಲ್ಲ ಅಂತ ಒಪ್ಪಿಗೆ ಸಿಕ್ಕಿದ್ದಂತೆ. ನನ್ನ ತಮ್ಮನ ಕೆಲಸ ಅಂತ ಕಂಡಕಂಡೋರಿಗೆಲ್ಲ ಹೇಳ್ತಿದೀನಿ!"

"ಮಕ್ಕಳು ಎಷ್ಟಕ್ಕಾ?"

"ಇನ್ನೂರ ಹದಿನಾಲ್ಕು. ಯಾಕೋ, ನೀನೂ ಸೇರ್ತೀಯಾ?"

ನಕ್ಕಳು. ಮೂರು ಮಹಡಿಯಂತೆ.

ಜೂನ್ 11

ಬೆಳಗ್ಗೆ ಸಣ್ಣ ಕಂಪನ. ನಮ್ಮಲ್ಲಿ ಪಾತ್ರೆ ಗಲಗಲ, ಅಷ್ಟೇ. ಶಾಲೆಯ ಗೋಡೆ ಬಿರುಕು ಬಿಟ್ಟಿದೆ ಅಂತ ಅಕ್ಕನ ಫೋನ್.

"ಅಪ್ಪ-ಅಮ್ಮಂದಿರು ಹೆದರಿದ್ರು ಕಣೋ. ನನ್ನ ತಮ್ಮನೇ ಅಳೆದ ಜಾಗ, ಸುಮ್ನೆ ಕಳ್ಸಿ ಅಂದೆ. ಒಪ್ಪಿದ್ರು."

ಹಳೇ ರೀಡಿಂಗ್ ಹಾಳೆ ಹುಡುಕಿ ತೆಗೆದೆ.

ಜೂನ್ 12

ಪೆಟ್ಟಿಗೆ ಹೊತ್ತು ಒಬ್ಬನೇ ಗುಡ್ಡ ಹತ್ತಿದೆ. ಮಂಡಿ ನೋಯಲೇ ಇಲ್ಲ, ಹಾಳಾದ್ದು. ಮೊದಲೆರಡು ಜಾಗ ಸರಿ. ಮೂರನೆಯದರಲ್ಲಿ ಅಂಕಿ ಬಾವಿಗೆ ಬಿದ್ದಂತೆ ಇಳಿಯಿತು. ಮೂರು ಸಲ ಅಳೆದೆ. ಶಾಲೆಯ ಮೆಟ್ಟಿಲಿನ ಪಕ್ಕ. ಒಳಗೆ ಮಗ್ಗಿ ಹೇಳುತ್ತಿದ್ದರು. ಯಾರೋ ಏಳೆಂಟ್ಲ ಐವತ್ನಾಲ್ಕು ಅಂದರು, ಅಕ್ಕ ಗದರಿದಳು, "ಗೊತ್ತಿಲ್ದಿದ್ರೆ ಸುಮ್ನಿರು, ಬಾಯಿಗೆ ಬಂದಿದ್ದು ಹೇಳ್ಬೇಡ!"

ಒಳಗೆ ಹೋಗುವ ಮುಖ ಇರಲಿಲ್ಲ. ಇಳಿದು ಬಂದೆ.

ಜೂನ್ 13, ಬೆಳಗ್ಗೆ 8:10

ಮೇಡಂ ಟೇಬಲ್ಲಿನ ಮೇಲೆ ಎರಡೂ ಹಾಳೆ ಇಟ್ಟಿದ್ದೇನೆ, ಹಳೆಯದು, ಹೊಸದು. ಅವರಿನ್ನೂ ಬಂದಿಲ್ಲ. ಶಾಲೆ ಒಂಬತ್ತಕ್ಕೆ. ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಇವತ್ತು ಮಕ್ಕಳನ್ನ ಒಳಗೆ ಬಿಡ್ಬೇಡ."

"ಯಾಕೋ? ನೀನೇ ಅಳೆದ ಜಾಗ ಅಲ್ವೇನೋ?"

ಬಾಯಿಂದಲೇ ಬದುಕಿದವನು ನಾನು. ಈ ಸಲ ನಿಜ ಹೇಳಿದೆ: "ಅಳೀಲಿಲ್ಲ ಅಕ್ಕಾ. ಬರೆದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶಾಲೆಯ ಗೇಟಿಗೆ ಚಿಲಕ ಹಾಕಿದ ಸದ್ದು ಕೇಳಿಸಿತು, ಫೋನ್ ಕಟ್ಟಾಯಿತು.

ಕಾರಿಡಾರಿನಲ್ಲಿ ಮೇಡಂ ಚಪ್ಪಲಿ ಸದ್ದು. ಮೊದಲು ಹಳೇ ಹಾಳೆ ತೋರಿಸಲೇ, ಇಲ್ಲ ಹೊಸದನ್ನೇ?