ಮಲ್ಲಿಗೆ ಪುಡಿಯ ಮೇಲೆ ಯುದ್ಧ

ಆಗಸ್ಟ್ 14, ತೋವಿನಕೆರೆ

ಶ್ರೀಮನ್ಮಹಾ ಮಲ್ಲಿಗೆ ಪರಿಮಳದ ಸೋಪಿನ ಪುಡಿಯೇ, ಕೆಂಚಮ್ಮಜ್ಜಿಯ ಮನೆದೇವರೇ, ನಿನಗೆ ಧಿಕ್ಕಾರ. ನಿನ್ನ ದೆಸೆಯಿಂದಲೇ ತಂಗಿ ರಕ್ಷಾ ವಾರದಿಂದ ಮೈ ಕೆರೆದುಕೊಳ್ಳುತ್ತಿದ್ದಾಳೆ. ವಾಸನೆಯಿಲ್ಲದ ಪುಡಿ ತಂದುಕೊಟ್ಟರೆ ಅಜ್ಜಿ, "ಘಮ್ ಅನ್ನದಿದ್ರೆ ಅದೇನ್ ಒಗ್ದಂಗ್ಲಾ?" ಎಂದು ಮೂಗು ಮುರಿದಳು. ನಾನು ಬಿಡುತ್ತೇನೆಯೇ? ಮಲ್ಲಿಗೆ ಪುಡಿಯನ್ನೆಲ್ಲ ಚೆಲ್ಲಿ, ಹೊಸ ಪುಡಿಯನ್ನು ಗುಟ್ಟಾಗಿ ಅದೇ ಹಳೇ ಡಬ್ಬಕ್ಕೆ ಸುರಿದಿಟ್ಟೆ. ಇವತ್ತು ಒಣಗಿದ ಲಂಗ ಮೂಸಿ, "ನೋಡ್ಲಾ, ಮಲ್ಲಿಗೆ ಅಂದ್ರೆ ಇದು" ಅಂದಳು ಮುದುಕಿ. ಆ ಮೂಗು ನೆಗೆದು ಬೀಳ.

ಗೆದ್ದೆ ಅಂದುಕೊಂಡೆ. ಸಂಜೆ ಅದೇ ಲಂಗ ಉಟ್ಟ ರಕ್ಷಾ ಅಳುತ್ತಾ ಮತ್ತೆ ಕೆರೆದುಕೊಂಡಳು. ಬಿಚ್ಚಿಸಿ ಒದರಿದರೆ ಒಂದು ಕಂಬಳಿಹುಳು ಬಿತ್ತು. ನಮ್ಮ ಬಟ್ಟೆ ಒಣಗುವುದು ನುಗ್ಗೆಮರದಡಿ, ಮರದ ತುಂಬಾ ಅವೇ. ಮಾಳಿಗೆ ಹತ್ತಲು ಮೈಗಳ್ಳತನ ಮಾಡಿ ಹಗ್ಗವನ್ನು ಆ ಮರಕ್ಕೆ ಕಟ್ಟಿದವನು ನಾನೇ.